ಈಮ್: ಒಂದು ಪುಟ್ಟ ಪ್ಯಾರಿಷ್‌ನ ನೆಲ, ನೀರು, ಎಲ್ಲೆಗಲ್ಲು – ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ನಡುಭಾಗದ ಡರ್ಬಿಶೈರ್ ಜಿಲ್ಲೆಯಲ್ಲಿ ಈಮ್ ಎಂಬ ಸಣ್ಣ ಊರಿದೆ. ಲಾಕ್‌ಡೌನ್ ದಿನಗಳಲ್ಲಿ ಅದರ ಕಥೆ ನಮ್ಮವರ ವಾಟ್ಸಾಪ್‌ಗಳಲ್ಲೂ ಓಡಾಡಿತು. 1665–66ರ ಪ್ಲೇಗಿನಲ್ಲಿ ರೋಗ ಹೊರಗೆ ಹರಡದಿರಲಿ ಎಂದು ತಾವೇ ಊರಿಗೆ ಬೇಲಿ ಹಾಕಿಕೊಂಡು ಸತ್ತವರ ಊರು ಎಂದು. ಅಂದಿನಿಂದ ಗೆಳೆಯರು, ನೆಂಟರು, ಶೆಫೀಲ್ಡ್‌ನಲ್ಲಿ ಓದುವ ಮಕ್ಕಳ ತಂದೆತಾಯಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಲ್ಲರಿಗೂ ಸಾವಿನ ಲೆಕ್ಕ ಬೇಕು. ನನಗೆ ಆ ಊರಿನ ಮಣ್ಣಿನಿಂದ ಶುರುಮಾಡಬೇಕು ಅನಿಸುತ್ತದೆ. ಊರಿನ ಎಲ್ಲೆ ಎಲ್ಲಿದೆ, ನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಾದ ಮೇಲೆ ಪ್ಲೇಗಿನ ಕಥೆ ಬೇರೆಯೇ ಆಗಿ ಕೇಳಿಸುತ್ತದೆ.

ಹೆಸರು ಹೇಳುವುದು ಹೇಗೆ? ಅರ್ಥವೇನು?

ಬರೆದಿರುವುದನ್ನು ನೋಡಿ ಅನೇಕರು "ಇಯಾಮ್" ಎನ್ನುತ್ತಾರೆ. ಊರವರ ಬಾಯಲ್ಲಿ ಅದು "ಈಮ್". ಹಳೆಯ ಇಂಗ್ಲಿಷಿನಲ್ಲಿ ದ್ವೀಪಕ್ಕೆ ಇದ್ದ ಪದದಿಂದ ಬಂದದ್ದು ಎನ್ನುತ್ತಾರೆ ಬಲ್ಲವರು. ಸುತ್ತ ಸಮುದ್ರವೇನೂ ಇಲ್ಲ. ಹಳ್ಳಗಳ ನಡುವೆ ಎದ್ದು ನಿಂತ ನೆಲಕ್ಕೂ ಆಗ ಅದೇ ಪದ. ನಮ್ಮಲ್ಲಿ ನದಿಯ ನಡುವಿನ ಗಡ್ಡೆಗೆ ನಡುಗಡ್ಡೆ, ಕುರುವ ಎನ್ನುವುದಿಲ್ಲವೇ, ಹಾಗೆ. ಮುಂದೆ ಈ ಊರು ನಿಜಕ್ಕೂ ದ್ವೀಪದಂತೆ ಒಂಟಿಯಾಗಿ ನಿಂತಿತು. ಆದರೆ ಹೆಸರು ಅದಕ್ಕಿಂತ ಎಷ್ಟೋ ಹಳೆಯದು. 1086ರಲ್ಲಿ ರಾಜನ ಕಂದಾಯಕ್ಕಾಗಿ ಬರೆಸಿದ ಡೂಮ್ಸ್‌ಡೇ ಪುಸ್ತಕದಲ್ಲೇ ಈ ಊರು ಬೇರೆ ಕಾಗುಣಿತದಲ್ಲಿ ಸಿಗುತ್ತದೆ.

ಪ್ಯಾರಿಷ್ ಅಂದರೆ ಏನು? ಹಳ್ಳಿ ಅಂದರೆ ಸಾಲದೇ?

ಸಾಲದು. ಒಂದು ಚರ್ಚು, ಅದಕ್ಕೊಬ್ಬ ಪಾದ್ರಿ, ಆ ಪಾದ್ರಿಯ ಹೊಣೆಗೆ ಸೇರಿದ ಮನೆ, ಹೊಲ, ಗುಡ್ಡ, ಕಾಡು ಎಲ್ಲ ಸೇರಿ ಒಂದು ಪ್ಯಾರಿಷ್. ಕನ್ನಡದ ಕ್ಯಾಥೋಲಿಕರು ಇದಕ್ಕೆ ಧರ್ಮಕೇಂದ್ರ ಎನ್ನುತ್ತಾರೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಫಿರ್ಗಜ್. ಇಂಗ್ಲೆಂಡಿನಲ್ಲಿ ಇದು ಪೂಜೆಗಷ್ಟೇ ಸೇರಿದ ಮಾತಾಗಿರಲಿಲ್ಲ. ಹುಟ್ಟು, ಮದುವೆ, ಸಾವು ಬರೆಯುತ್ತಿದ್ದದ್ದು ಪ್ಯಾರಿಷ್ ರಿಜಿಸ್ಟರಿನಲ್ಲಿ. ಬಡವರಿಗೆ ಕಾಳು ಕೊಡಬೇಕಾದದ್ದು, ದಾರಿ ರಿಪೇರಿ ಮಾಡಿಸಬೇಕಾದದ್ದು ಪ್ಯಾರಿಷ್. 1894ರ ಕಾಯ್ದೆ ಬಂದ ಮೇಲೆ ಹಳ್ಳಿಗಳಿಗೆ ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳಾದವು, ನಮ್ಮ ಗ್ರಾಮ ಪಂಚಾಯಿತಿಯ ಹಾಗೆ. ಹಳೆಯ ಈಮ್ ಪ್ಯಾರಿಷ್‌ಗೆ ಪಕ್ಕದ ಫೂಲೋ ಎಂಬ ಹಳ್ಳಿಯೂ, ಪೂರ್ವಕ್ಕೆ ಡರ್ವೆಂಟ್ ಹೊಳೆಯ ಕಡೆಗೆ ಇಳಿಯುವ ಕಾಡಿನ ಭಾಗವೂ ಸೇರಿದ್ದವು.

ಎಲ್ಲೆ ಎಂಬುದು ಅಲ್ಲಿ ಗಾಳಿಮಾತಲ್ಲ. ಯಾವ ಕಲ್ಲಿನಾಚೆ ಯಾರ ಹೊಣೆ ಮುಗಿಯುತ್ತದೆ ಎಂದು ಮಕ್ಕಳಿಗೂ ಗೊತ್ತಿತ್ತು.

ಊರು ಇರುವುದು ಎಲ್ಲಿ? ನೆಲ ಹೇಗಿದೆ?

ಶೆಫೀಲ್ಡ್ ನಗರದಿಂದ ನೈರುತ್ಯಕ್ಕೆ ಸುಮಾರು 20 ಕಿಲೋಮೀಟರ್. ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಒಳಗೆ ಬರುತ್ತದೆ. 1951ರಲ್ಲಿ ಘೋಷಣೆಯಾದ ಈ ಉದ್ಯಾನ ಬ್ರಿಟನ್ನಿನಲ್ಲಿ ಮೊದಲನೆಯದು.

ಈಮ್‌ನ ನೆಲದಲ್ಲಿ ಎರಡು ಲೋಕ ಕೂಡುತ್ತವೆ. ಊರ ಬೀದಿಯಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಕಡಿದಾದ ಏರು. ಅದಕ್ಕೆ ಈಮ್ ಎಜ್ ಎಂದು ಹೆಸರು. ಅದರ ಮೇಲೆ ಒರಟು ಮರಳುಗಲ್ಲಿನ ಬಯಲು, ಹೆದರ್ ಗಿಡ, ಕುರಿ, ಗಾಳಿ. ಅಲ್ಲಿಯ ಸರ್ ವಿಲಿಯಂ ಹಿಲ್ 429 ಮೀಟರ್ ಎತ್ತರ. ದಕ್ಷಿಣಕ್ಕೆ ತಿರುಗಿದರೆ ಸುಣ್ಣಕಲ್ಲಿನ ನಾಡು: ಹಸಿರು ಹುಲ್ಲು, ಬಿಳಿಚಿದ ಕಲ್ಲುಬೇಲಿಗಳು, ಆಮೇಲೆ ಥಟ್ಟನೆ ಕೆಳಗಿಳಿಯುವ ಮಿಡಲ್ಟನ್ ಡೇಲ್ ಕಣಿವೆ. ಬೇಲಿಯ ಕಲ್ಲು ನೋಡಿದರೇ ಯಾವ ನೆಲದ ಮೇಲೆ ನಿಂತಿದ್ದೇವೆಂದು ಗೊತ್ತಾಗುತ್ತದೆ. ಮೇಲೆ ಕಂದುಗಪ್ಪು, ಕೆಳಗೆ ಬೂದುಬಿಳಿ.

ಅಲ್ಲೇ ಯಾಕೆ ಊರು ಕಟ್ಟಿದರು?

ನೀರಿಗಾಗಿ. ಸುಣ್ಣಕಲ್ಲು ನೀರನ್ನು ಮೇಲೆ ಉಳಿಸಿಕೊಳ್ಳುವುದಿಲ್ಲ. ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಮೇಲಿನ ಮರಳುಗಲ್ಲಿಗೂ ಕೆಳಗಿನ ಸುಣ್ಣಕಲ್ಲಿಗೂ ನಡುವೆ ಜೇಡಿಯಂಥ ಶೇಲ್ ಪದರವಿದೆ. ಮರಳುಗಲ್ಲಿನಲ್ಲಿ ಇಂಗಿದ ನೀರು ಆ ಪದರಕ್ಕೆ ತಡೆದು ಎಜ್‌ನ ಪಕ್ಕದಲ್ಲಿ ಒರತೆಗಳಾಗಿ ಹೊರಬರುತ್ತದೆ. ಆ ಏರಿನ ಬುಡದಲ್ಲಿ ಈಮ್ ಉದ್ದಕ್ಕೆ ಮಲಗಿದೆ. ಇನ್ನೂರು ಮೀಟರ್ ದಕ್ಷಿಣಕ್ಕೆ ಕಟ್ಟಿದ್ದರೆ ಕುಡಿಯಲು ನೀರು ಹೊತ್ತೇ ತರಬೇಕಿತ್ತು.

ಆ ಒರತೆಗಳ ನೀರನ್ನು ಊರೊಳಗೆ ತಂದು ಕಲ್ಲುತೊಟ್ಟಿಗಳಿಗೆ ಬಿಟ್ಟರು. 1588ರಲ್ಲೇ ಈ ಏರ್ಪಾಡು ಆಯಿತೆಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಕೆಲವು ತೊಟ್ಟಿಗಳು ಇಂದಿಗೂ ರಸ್ತೆಯಂಚಿನಲ್ಲಿವೆ. ಬೇಸಿಗೆ ಕೊನೆಗೆ ಹಲಗೆಯ ಮೇಲೆ ಹಸಿ ಜೇಡಿಮಣ್ಣು ಮೆತ್ತಿ, ಹೂವಿನ ಎಸಳುಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಬಿಡಿಸಿ ನೀರಿನ ಬಳಿ ನಿಲ್ಲಿಸುತ್ತಾರೆ. ಡರ್ಬಿಶೈರ್‌ನ ಅನೇಕ ಊರುಗಳಲ್ಲಿ ಈ ಪದ್ಧತಿಯಿದೆ. ಗಂಗೆಪೂಜೆ ಮಾಡಿ ಬೆಳೆದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಊರು ಎಷ್ಟು ಹಳೆಯದು?

ಮೇಲಿನ ಬಯಲಿನಲ್ಲಿ ವೆಟ್ ವಿದೆನ್ಸ್ ಎಂಬ ಕಂಚಿನ ಯುಗದ ಕಲ್ಲುವೃತ್ತವಿದೆ. ಹೆದರ್ ಬೆಳೆದಾಗ ಹುಡುಕುವುದೇ ಕಷ್ಟ. ಸೇಂಟ್ ಲಾರೆನ್ಸ್ ಚರ್ಚಿನ ಅಂಗಳದಲ್ಲಿ ಆಂಗ್ಲೋ-ಸ್ಯಾಕ್ಸನ್ ಕಾಲದ ಕಲ್ಲುಶಿಲುಬೆ ನಿಂತಿದೆ, ಸಾವಿರದ ಇನ್ನೂರು ವರ್ಷದ ಆಸುಪಾಸಿನದು. ಕಂಬದ ಮೇಲ್ತುಂಡು ಕಳೆದುಹೋಗಿದೆ. ಉಳಿದ ಬುಡದ ಮೇಲೆಯೇ ತಲೆಯನ್ನು ಕೂರಿಸಿದ್ದಾರೆ. ಹಾಗಾಗಿ ಕುತ್ತಿಗೆ ಗಿಡ್ಡವಾದಂತೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ಬಳ್ಳಿಯ ಸುರುಳಿಗಳು, ಕಹಳೆ ಊದುವ ದೇವದೂತರು ಕಾಣುತ್ತಾರೆ.

ಜನ ಏನು ಮಾಡಿ ಬದುಕುತ್ತಿದ್ದರು?

ಕುರಿ, ಸ್ವಲ್ಪ ಬೇಸಾಯ, ಮತ್ತು ಸೀಸ. ಈ ಮೂರನೆಯದನ್ನು ಬಿಟ್ಟು ಈಮ್ ಅರ್ಥವಾಗುವುದಿಲ್ಲ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಸೀಸದ ಅದಿರಿನ ನಾಳಗಳಿವೆ. ಡರ್ಬಿಶೈರ್‌ನ ಗಣಿ ಕಟ್ಟಳೆ ವಿಚಿತ್ರವಾದದ್ದು, ಬಡವನ ಪರವಾದದ್ದೂ ಹೌದು. ಚರ್ಚಿನ ಅಂಗಳ, ಮನೆಯ ತೋಟ, ಹೆದ್ದಾರಿ ಇಂಥವನ್ನು ಬಿಟ್ಟರೆ ಯಾರ ಜಮೀನಿನಲ್ಲಾದರೂ ಯಾರು ಬೇಕಾದರೂ ಸೀಸ ಹುಡುಕಬಹುದಿತ್ತು. ಜಮೀನಿನ ಒಡೆಯ ತಡೆಯುವಂತಿರಲಿಲ್ಲ. ಜಗಳ ಬಂದರೆ ಬಾರ್ಮೋಟ್ ಎಂಬ ಗಣಿಗಾರರದೇ ನ್ಯಾಯಸಭೆ. ಅದಿರನ್ನು ಅಳೆಯುತ್ತಿದ್ದದ್ದು "ಡಿಶ್" ಎಂಬ ಕೊಳಗದಿಂದ. ರಾಜನಿಗೋ ಅವನಿಂದ ಹಕ್ಕು ಪಡೆದವನಿಗೋ ಒಂದು ಪಾಲು, ಪಾದ್ರಿಗೂ ದಶಮಾಂಶದ ಲೆಕ್ಕದಲ್ಲಿ ಒಂದು ಪಾಲು.

18ನೇ ಶತಮಾನದಲ್ಲಿ ಎಜ್‌ನ ಕೆಳಗೆ ಒಳ್ಳೆಯ ನಾಳ ಸಿಕ್ಕಿದಾಗ ಈಮ್‌ನ ಪಾದ್ರಿಯ ಹುದ್ದೆ ದೊಡ್ಡ ಆದಾಯದ್ದಾಯಿತು. ಆ ಕಾಲದಲ್ಲಿ ಇಲ್ಲಿ ಪಾದ್ರಿಯಾಗಿದ್ದ ಥಾಮಸ್ ಸೀವರ್ಡ್‌ನ ಮಗಳು ಆನಾ ಸೀವರ್ಡ್ 1742ರಲ್ಲಿ ಇದೇ ಊರಿನಲ್ಲಿ ಹುಟ್ಟಿದಳು. ಮುಂದೆ ಹೆಸರಾಂತ ಕವಿಯಾದಳು. ಗಣಿ ಆಳವಾದಂತೆ ನೀರು ತುಂಬುತ್ತಿತ್ತು. ನೀರು ಹೊರಗೆ ಹರಿಯಲು ಕೆಳಗಿನ ಕಣಿವೆಯಿಂದ ಗುಡ್ಡದ ಹೊಟ್ಟೆಗೆ ಸುರಂಗ ತೋಡುತ್ತಿದ್ದರು. ಅದಕ್ಕೆ "ಸಫ್" ಎಂದು ಹೆಸರು.

ಗಣಿಗಾರರಿಗೆ ಒಂದು ಮಾತಿತ್ತು: "ಟೌಡ್ ಮ್ಯಾನ್", ಅಂದರೆ ಆ ಮುದುಕ. ತಾವು ಅಗೆಯುತ್ತಿರುವಾಗ ಹಿಂದಿನವರು ತೋಡಿದ ಹಳೆಯ ಬಿಲ ಎದುರಾದರೆ, ಮುದುಕ ಇಲ್ಲಿಗೆ ಬಂದು ಹೋಗಿದ್ದಾನೆ ಎನ್ನುತ್ತಿದ್ದರು. ಹೆಸರೇ ಉಳಿಯದ ಎಷ್ಟೋ ತಲೆಮಾರಿನ ಹಿರೀಕರಿಗೆಲ್ಲ ಸೇರಿ ಆ ಒಂದು ಹೆಸರು. ನನಗೆ ತುಂಬ ಇಷ್ಟವಾದ ಮಾತು ಅದು.

ಪ್ಲೇಗು ಅಲ್ಲಿಗೆ ಬಂದದ್ದು ಹೇಗೆ?

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು. ಆ ವರ್ಷದ ಬೇಸಿಗೆಯ ಕೊನೆಗೆ ಈಮ್‌ನ ದರ್ಜಿ ಅಲೆಕ್ಸಾಂಡರ್ ಹ್ಯಾಡ್‌ಫೀಲ್ಡ್‌ನ ಮನೆಗೆ ಲಂಡನ್ನಿನಿಂದ ಬಟ್ಟೆಯ ಪೆಟ್ಟಿಗೆ ಬಂತು. ಬಟ್ಟೆ ತೇವವಾಗಿತ್ತೆಂದು ಅವನ ಬಳಿ ಕೆಲಸಕ್ಕಿದ್ದ ಜಾರ್ಜ್ ವಿಕಾರ್ಸ್ ಬಿಚ್ಚಿ ಬೆಂಕಿಯ ಮುಂದೆ ಹರವಿದ, ಮಡಿಕೆಯಲ್ಲಿದ್ದ ಚಿಗಟಗಳು ಹೊರಬಂದವು ಎನ್ನುವುದು ಊರಿನ ಕಥನ. ಸೆಪ್ಟೆಂಬರ್ 7ರಂದು ವಿಕಾರ್ಸ್‌ನ ಹೆಸರು ರಿಜಿಸ್ಟರಿಗೆ ಸೇರಿತು. ಎರಡು ವಾರದಲ್ಲಿ ಅದೇ ಮನೆಯ ಹುಡುಗ ಎಡ್ವರ್ಡ್ ಕೂಪರ್. ಆಮೇಲೆ ಅಕ್ಕಪಕ್ಕದ ಮನೆಗಳು. ಚಿಗಟದ ಪಾತ್ರ ಅಂದು ಯಾರಿಗೂ ತಿಳಿದಿರಲಿಲ್ಲ. ರೋಗಾಣು ಸಿಕ್ಕಿದ್ದೇ 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ.

ಚಳಿಗಾಲದಲ್ಲಿ ಸಾವು ಇಳಿಯಿತು. 1666ರ ಮೇ ತಿಂಗಳಲ್ಲಿ ಬೆರಳೆಣಿಕೆಯಷ್ಟೇ. ಕಳೆಯಿತು ಎಂದು ಜನ ಉಸಿರುಬಿಟ್ಟಿರಬೇಕು. ಜೂನ್‌ನಲ್ಲಿ ಮತ್ತೆ ಏರಿತು.

ಎಲ್ಲೆ ಮುಚ್ಚಿದ್ದು ಯಾರ ತೀರ್ಮಾನ?

ಇಬ್ಬರು ಪಾದ್ರಿಗಳದು, ಮತ್ತು ಅವರ ಮಾತಿಗೆ ಒಪ್ಪಿದ ಊರಿನದು. ವಿಲಿಯಂ ಮಾಂಪೆಸನ್ ಹೊಸಬ, 28ರ ಆಸುಪಾಸಿನ ಯುವಕ, ಊರಿಗೆ ಬಂದು ಎರಡು ವರ್ಷ ಆಗಿತ್ತಷ್ಟೇ. ಥಾಮಸ್ ಸ್ಟ್ಯಾನ್ಲಿ ಹಳಬ. ಹೊಸ ರಾಜನ ಕಾಲದ ಧರ್ಮಕಾಯ್ದೆಗೆ ತಲೆಬಾಗದೆ 1662ರಲ್ಲಿ ಪಾದ್ರಿತನ ಕಳೆದುಕೊಂಡವನು. ಜನರ ಮನಸ್ಸು ಸ್ಟ್ಯಾನ್ಲಿಯ ಕಡೆ, ಅಧಿಕಾರ ಮಾಂಪೆಸನ್‌ನ ಕಡೆ. ಹೀಗೆ ಎದುರುಬದುರಾಗಿದ್ದವರು ಅಂದು ಒಟ್ಟಿಗೆ ನಿಂತರು. ಈಮ್‌ನ ಕಥೆ ಹೇಳುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. ಇಬ್ಬರಲ್ಲಿ ಒಬ್ಬನೇ ಹೇಳಿದ್ದರೆ ಅರ್ಧ ಊರು ಕೇಳುತ್ತಿರಲಿಲ್ಲ.

ಮೂರು ಕಟ್ಟಳೆಗಳಾದವು. ಸತ್ತವರನ್ನು ಚರ್ಚಿಗೆ ಒಯ್ಯದೆ ಮನೆಯವರೇ ತಮ್ಮ ಹಿತ್ತಲಲ್ಲೋ ಹೊಲದಲ್ಲೋ ಹೂಳಬೇಕು. ಚರ್ಚಿನ ಬಾಗಿಲು ಮುಚ್ಚಿ, ಪ್ರಾರ್ಥನೆ ಕಕ್ಲೆಟ್ ಡೆಲ್ಫ್ ಎಂಬ ಬಯಲು ಕಣಿವೆಯಲ್ಲಿ, ಮನೆಮನೆಯವರು ದೂರ ದೂರ ನಿಂತು. ಮತ್ತು ಯಾರೂ ಎಲ್ಲೆ ದಾಟಬಾರದು.

ನಮ್ಮ ಹಳ್ಳಿಗಳಲ್ಲಿ ಮಾರಿ ಬಂದರೆ ಮೆರವಣಿಗೆ ಮಾಡಿ ಊರ ಗಡಿ ದಾಟಿಸಿ ಬರುತ್ತಿದ್ದರು; ಪಕ್ಕದ ಊರವರು ತಮ್ಮ ಗಡಿಯಿಂದ ಮುಂದಕ್ಕೆ ಸಾಗಿಸಬೇಕು. ಈಮ್‌ನವರು ಅದಕ್ಕೆ ತೀರಾ ತಿರುಗಾದದ್ದನ್ನು ಮಾಡಿದರು. ಬಂದ ಮಾರಿಯನ್ನು ತಮ್ಮ ಎಲ್ಲೆಯೊಳಗೇ ಹಿಡಿದಿಟ್ಟುಕೊಂಡರು.

ಎಲ್ಲರೂ ಮನಸ್ಸಾರೆ ಒಪ್ಪಿದರೇ?

ಉಳ್ಳವರಲ್ಲಿ ಕೆಲವರು ಮೊದಲೇ ಹೊರಟುಹೋಗಿದ್ದರು. ಮಾಂಪೆಸನ್ ತನ್ನ ಇಬ್ಬರು ಮಕ್ಕಳನ್ನು ಯಾರ್ಕ್‌ಷೈರ್‌ಗೆ ಕಳಿಸಿದ್ದ. ಬಡವರಿಗೆ ಹೋಗಲು ಜಾಗವೂ ಇರಲಿಲ್ಲ. ಪ್ಲೇಗಿನ ಊರಿನವನೆಂದು ಗೊತ್ತಾದರೆ ಯಾವ ಊರೂ ಸೇರಿಸುತ್ತಿರಲಿಲ್ಲ. ತ್ಯಾಗದ ಕಥೆಗೆ ನಂತರದ ಕಾಲದವರು ಬಣ್ಣ ಹಚ್ಚಿದ್ದಾರೆ ಎಂದು ಇತಿಹಾಸಕಾರರು ಹೇಳುವುದರಲ್ಲಿ ಹುರುಳಿದೆ. ಇಷ್ಟೆಲ್ಲ ಒಪ್ಪಿದ ಮೇಲೂ, ಜೂನ್‌ನಿಂದ ಶರತ್ಕಾಲದವರೆಗೆ ದಿನಾ ಹೆಣ ಹೂಳುತ್ತ ಅಲ್ಲೇ ಇದ್ದ ಜನರ ಮುಂದೆ ನನ್ನ ತಲೆ ಬಾಗುತ್ತದೆ.

ಹೊಟ್ಟೆಗೆ ಏನು ಮಾಡಿದರು?

ಹೊರಗಿನವರು ತಂದು ಎಲ್ಲೆಯಲ್ಲಿ ಇಟ್ಟುಹೋಗುತ್ತಿದ್ದರು. ಚ್ಯಾಟ್ಸ್‌ವರ್ತ್ ಬಂಗಲೆಯ ಡೆವನ್‌ಶೈರ್ ಅರ್ಲ್ ದವಸ, ಔಷಧಿ ಕಳಿಸಿಕೊಟ್ಟ. ಉತ್ತರಕ್ಕೆ ಇಂದು ಮಾಂಪೆಸನ್ ಬಾವಿ ಎನ್ನುವ ಒರತೆ, ದಕ್ಷಿಣಕ್ಕೆ ಸ್ಟೋನಿ ಮಿಡಲ್ಟನ್ ದಾರಿಯ ಎಲ್ಲೆಗಲ್ಲು, ಇಂಥ ಕಡೆ ಇಡುತ್ತಿದ್ದರು. ಈಮ್‌ನವರು ಹಣ ಇಟ್ಟು ಸಾಮಾನು ಒಯ್ಯುತ್ತಿದ್ದರು.

ಆ ಎಲ್ಲೆಗಲ್ಲನ್ನು ನೋಡಿದರೆ ಮರೆಯುವುದಿಲ್ಲ. ಹುಲ್ಲುಗಾವಲಿನಲ್ಲಿ ಒಂಟಿಯಾಗಿ ಬಿದ್ದ ಚಪ್ಪಟೆ ಬಂಡೆ. ಮೇಲೆ ಆರು ಕುಳಿ. ಒರಳಿನ ಕುಳಿಯಷ್ಟು ದೊಡ್ಡವಲ್ಲ, ಎರಡು ಬೆರಳು ಇಳಿಯುವಷ್ಟು. ಅದರಲ್ಲಿ ವಿನೆಗರ್ ತುಂಬಿ ನಾಣ್ಯ ಹಾಕುತ್ತಿದ್ದರು, ಹುಳಿಗೆ ವಿಷ ಸಾಯಲಿ ಎಂದು. ಕುಳಿಗಳ ಅಂಚು ಈಗ ನುಣ್ಣಗಾಗಿದೆ. ಬಂದವರೆಲ್ಲ ಬೆರಳಾಡಿಸುತ್ತಾರೆ; ಕೆಲವರು ಈಗಲೂ ಪೆನ್ನಿ ಹಾಕಿ ಹೋಗುತ್ತಾರೆ.

ಎಷ್ಟು ಜನ ಸತ್ತರು?

ಎಲ್ಲ ಮುಗಿದ ಮೇಲೆ, 1666ರ ನವೆಂಬರ್‌ನಲ್ಲಿ ಮಾಂಪೆಸನ್ ಬರೆದ ಕಾಗದದಲ್ಲಿ 76 ಕುಟುಂಬ, 259 ಸಾವು ಎಂದಿದೆ. ಊರು ತಲೆಬುರುಡೆಗಳ ಗೊಲ್ಗೊಥಾ ಆಗಿದೆ, ಇಂಥ ಗೋಳನ್ನು ಕಿವಿ ಕೇಳಿರಲಿಲ್ಲ, ಇಂಥ ನಾತವನ್ನು ಮೂಗು ಕಂಡಿರಲಿಲ್ಲ ಎಂದೂ ಬರೆದಿದ್ದಾನೆ. ರಿಜಿಸ್ಟರಿನ ಲೆಕ್ಕ ಅದಕ್ಕಿಂತ ತುಸು ಹೆಚ್ಚು; ಈಗ ಇರುವುದು ನಂತರ ಮಾಡಿದ ಪ್ರತಿ. 350 ಜನರಲ್ಲಿ 83 ಮಂದಿ ಉಳಿದರು ಎಂದು ಹಳೆಯ ಪುಸ್ತಕಗಳನ್ನು ನೋಡಿ ಇಂದಿಗೂ ಬರೆಯುತ್ತಾರೆ. 1664ರ ಒಲೆ ತೆರಿಗೆಯ ದಾಖಲೆ ನೋಡಿದರೆ ಪ್ಯಾರಿಷ್‌ನಲ್ಲಿ ಸುಮಾರು 700 ಜನ ಇದ್ದಿರಬೇಕು. ಹಾಗಾದರೆ ಸತ್ತದ್ದು ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಕೊನೆಯ ಸಾವು ನವೆಂಬರ್ 1ರಂದು, ಅಬ್ರಹಾಂ ಮಾರ್ಟನ್.

ಹ್ಯಾನ್‌ಕಾಕ್ ಮನೆಯ ಗೋರಿಗಳು ಯಾವುವು?

ಊರಿಂದ ಪೂರ್ವಕ್ಕೆ ಅರ್ಧ ಮೈಲಿ ಏರು ಹತ್ತಿದರೆ ಹೊಲದ ನಡುವೆ ಸಣ್ಣ ಕಲ್ಲಿನ ಗೋಡೆಯ ವೃತ್ತ. ಅದನ್ನು ರೈಲಿ ಗ್ರೇವ್ಸ್ ಎನ್ನುತ್ತಾರೆ. 1666ರ ಆಗಸ್ಟ್ 3ರಿಂದ 10ರವರೆಗೆ, ಎಂಟು ದಿನದಲ್ಲಿ, ಎಲಿಜಬೆತ್ ಹ್ಯಾನ್‌ಕಾಕ್ ತನ್ನ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಇಲ್ಲಿ ಹೂತಳು. ಮುಟ್ಟಲು ಹೆದರಿ ಹೆಣದ ಕಾಲಿಗೆ ಬಟ್ಟೆ ಕಟ್ಟಿ ಎಳೆದಳಂತೆ. ಕೆಳಗಿನ ಸ್ಟೋನಿ ಮಿಡಲ್ಟನ್‌ನವರು ಗುಡ್ಡದ ಮೇಲೆ ನಿಂತು ನೋಡುತ್ತಿದ್ದರು, ಹತ್ತಿರ ಬರುವಂತಿರಲಿಲ್ಲ. ಆಮೇಲೆ ಅವಳು ಶೆಫೀಲ್ಡ್‌ನಲ್ಲಿದ್ದ ಉಳಿದ ಒಬ್ಬ ಮಗನ ಬಳಿ ಹೋದಳು. ನಾನು ಆ ಗೋಡೆಯೊಳಗೆ ಹೋಗಲು ಎರಡು ಸಲ ಪ್ರಯತ್ನಿಸಿ ಹೊರಗೇ ನಿಂತಿದ್ದೇನೆ.

ಎಮ್ಮಟ್ ಮತ್ತು ರೋಲಂಡ್‌ರ ಪ್ರೇಮಕಥೆ ನಿಜವೇ?

ಎಮ್ಮಟ್ ಸಿಡಾಲ್ ನಿಜ. ವಿಕಾರ್ಸ್ ಇದ್ದ ಮನೆಯ ಎದುರಿನವಳು; 1666ರ ಏಪ್ರಿಲ್ ಕೊನೆಗೆ ತೀರಿಕೊಂಡಳು. ಪಕ್ಕದೂರಿನ ರೋಲಂಡ್ ಟೋರೆ ದಿನಾ ಡೆಲ್ಫ್‌ನ ಆಚೆ ಬದಿಗೆ ಬಂದು ದೂರದಿಂದ ಅವಳನ್ನು ನೋಡಿ ಹೋಗುತ್ತಿದ್ದ, ಒಂದು ದಿನ ಅವಳು ಬರಲಿಲ್ಲ ಎನ್ನುವುದು ಬಾಯಿಂದ ಬಾಯಿಗೆ ಬಂದದ್ದು.

ಊರು ಬಿಟ್ಟು ಹೋಗಿದ್ದರೆ ಹೆಚ್ಚು ಜನ ಉಳಿಯುತ್ತಿರಲಿಲ್ಲವೇ?

ಕರ್ನಾಟಕದವರು ಕೇಳಲೇಬೇಕಾದ ಪ್ರಶ್ನೆ ಇದು. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಮನೆಯಲ್ಲಿ ಇಲಿ ಬಿದ್ದರೆ ಊರಿಗೆ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆಯೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಇಲಿ ಮತ್ತು ಅದರ ಚಿಗಟದಿಂದ ದೂರ ಹೋಗುವುದು ಜಾಣತನ. ಈಮ್‌ನವರೂ ಕೆಲವರು ಬಯಲಲ್ಲಿ ಗುಡಿಸಲು ಹಾಕಿದರು. ಹೆಚ್ಚಿನವರು ಮನೆಯಲ್ಲೇ ಉಳಿದರು, ಮನೆಯಲ್ಲೇ ಸತ್ತರು. ರಿಜಿಸ್ಟರಿನ ಹೆಸರು, ತಾರೀಖು, ನೆಂಟಸ್ತಿಕೆ ಹಿಡಿದು 2016ರಲ್ಲಿ ನಡೆದ ಅಧ್ಯಯನ ಮುಕ್ಕಾಲು ಪಾಲು ಸೋಂಕು ಮನುಷ್ಯರಿಂದ ಮನುಷ್ಯರಿಗೇ, ಅದರಲ್ಲೂ ಒಂದೇ ಮನೆಯೊಳಗೆ, ಹರಡಿರಬೇಕು ಎಂದಿತು. ಹಾಗಾದರೆ ಒಳಗಿನವರಿಗೆ ಬೇಲಿ ಭಾರಿಯಾಯಿತು. ಆದರೆ ಸುತ್ತಲಿನ ಊರುಗಳಿಗೆ ಪ್ಲೇಗು ಹಬ್ಬಲಿಲ್ಲ.

ಬದುಕುಳಿದವರ ವಂಶದಲ್ಲಿ ವಿಶೇಷ ಜೀನ್ ಇದೆಯಂತೆ?

ಟಿವಿಯಿಂದ ಹಬ್ಬಿದ ಮಾತು. ಎಚ್‌ಐವಿಯನ್ನು ತಡೆಯುವ ಒಂದು ಜೀನ್ ಬದಲಾವಣೆ ಪ್ಲೇಗನ್ನೂ ತಡೆದಿರಬಹುದು ಎಂದು ಊಹಿಸಿದರು. ಆಮೇಲೆ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ.

ಆ ಇಬ್ಬರು ಪಾದ್ರಿಗಳು ಏನಾದರು?

ಮಾಂಪೆಸನ್‌ನ ಹೆಂಡತಿ ಕ್ಯಾಥರೀನ್ ಮಕ್ಕಳೊಂದಿಗೆ ಹೋಗದೆ ಗಂಡನ ಜೊತೆ ಉಳಿದವಳು. 1666ರ ಆಗಸ್ಟ್ 25ರಂದು ಪ್ಲೇಗಿಗೆ ಸಿಕ್ಕಿ ತೀರಿಕೊಂಡಳು. ಅವನು ಉಳಿದ. ರೋಗ ನಿಂತ ಮೇಲೆ ಊರವರ ಹಾಸಿಗೆ ಬಟ್ಟೆ ಸುಡಿಸಿ, ತನ್ನವನ್ನೂ ಸುಟ್ಟ. ನಾಟಿಂಗ್‌ಹ್ಯಾಮ್‌ಶೈರ್‌ನ ಈಕ್ರಿಂಗ್‌ಗೆ ವರ್ಗವಾಗಿ ಹೋದಾಗ ಅಲ್ಲಿಯ ಜನ ಮೊದಮೊದಲು ಹೆದರಿ ಊರೊಳಗೆ ಬಿಟ್ಟುಕೊಳ್ಳಲಿಲ್ಲ ಎನ್ನುತ್ತಾರೆ. 1709ರವರೆಗೆ ಬದುಕಿದ. ಸ್ಟ್ಯಾನ್ಲಿ ಈಮ್ ಬಿಡಲಿಲ್ಲ. 1670ರಲ್ಲಿ ಅಲ್ಲೇ ತೀರಿಕೊಂಡ.

ಈಗ ಊರು ಹೇಗಿದೆ?

ಸೀಸ ಮುಗಿದ ಮೇಲೆ ನೇಯ್ಗೆ, ಆಮೇಲೆ ಚಪ್ಪಲಿ ಬೂಟು ಹೊಲಿಗೆ, 20ನೇ ಶತಮಾನದಲ್ಲಿ ಫ್ಲೋರ್‌ಸ್ಪಾರ್ ಎಂಬ ಖನಿಜದ ಗಣಿ ಊರನ್ನು ಸಾಕಿದವು. 2011ರ ಗಣತಿಯಲ್ಲಿ 969 ಜನ. ಶಾಲೆ, ಅಂಗಡಿ, ಪಬ್ ಇರುವ ಬದುಕುವ ಊರು ಅದು. ವಾಸದ ಮನೆಗಳ ಕಿಟಕಿಯೊಳಗೆ ಇಣುಕಬೇಡಿ. ಪ್ಲೇಗ್ ಕಾಟೇಜ್‌ಗಳ ಮುಂದಿನ ಫಲಕಗಳಲ್ಲಿ ಆಯಾ ಮನೆಯಲ್ಲಿ ಸತ್ತವರ ಹೆಸರುಗಳಿವೆ, ನಿಂತು ಓದಿ. ಮ್ಯೂಸಿಯಂ ಛಾವಣಿಯ ಗಾಳಿಸೂಚಕಕ್ಕೆ ಇಲಿಯ ಆಕಾರ.

ಹೋಗುವುದು ಹೇಗೆ, ಯಾವಾಗ?

ಶೆಫೀಲ್ಡ್‌ನಿಂದ ಬಸ್ಸಿದೆ. ರೈಲಾದರೆ ಗ್ರಿಂಡಲ್‌ಫೋರ್ಡ್‌ನಲ್ಲಿ ಇಳಿದು ಏರು ಹತ್ತಿ ನಡೆಯಬೇಕು. ಮಳೆಗೆ ಜಾಕೆಟ್, ಕೆಸರಿಗೆ ಬೂಟು ಇರಲಿ. ಆಗಸ್ಟ್ ಕೊನೆಯ ಭಾನುವಾರ ಪ್ಲೇಗ್ ಸಂಡೆ. ಊರವರು ಕಕ್ಲೆಟ್ ಡೆಲ್ಫ್‌ನಲ್ಲೇ ಪ್ರಾರ್ಥನೆ ನಡೆಸುತ್ತಾರೆ, ಕ್ಯಾಥರೀನ್‌ಳ ಗೋರಿಗೆ ಹೂ ಇಡುತ್ತಾರೆ. ಚರ್ಚಿನ ಅಂಗಳದಲ್ಲಿ, ಆ ಹಳೆಯ ಶಿಲುಬೆಯ ಹತ್ತಿರವೇ ಅದು ಇದೆ. ಅಲ್ಲಿಂದ ಎಲ್ಲೆಗಲ್ಲಿಗೆ ಹೊಲದ ಕಾಲುದಾರಿಯಲ್ಲಿ ನಿಧಾನಕ್ಕೆ ನಡೆದರೂ ಅರ್ಧ ಗಂಟೆ ಸಾಕು. ದಾರಿಯಲ್ಲಿ ದನಕುರಿ ಇರುತ್ತವೆ. ದಾಟಿದ ಗೇಟನ್ನು ಹಾಕಿಕೊಂಡು ಮುಂದೆ ಹೋಗಿ.